ಕೊಬ್ಬು ಅಳೆಯುವ ಇಕ್ಕಳ

ನಡುರಾತ್ರಿ ಟಕ್ಕೆಂದು ಸಣ್ಣ ಸದ್ದಾಯಿತು. ಹೊಟ್ಟೆಗೆ ತಣ್ಣಗಿನದೇನೋ ಕಚ್ಚಿದಂತಾಗಿ ಅವಳು ಕಣ್ಣು ಬಿಟ್ಟಳು. ಜಿಮ್ಮಿನಲ್ಲಿ ಕೋಚ್ ಆಗಿದ್ದ ಗಂಡ, ಕೊಬ್ಬು ಅಳೆಯುವ ಇಕ್ಕಳದಲ್ಲಿ ಅವಳ ಹೊಟ್ಟೆಯ ಮಡಿಕೆಯನ್ನು ಹಿಡಿದು ಮೊಬೈಲಿನ ಬೆಳಕು ಬಿಟ್ಟು ನೋಡುತ್ತಿದ್ದ.

"ಏನ್ರೀ ಇದು?"

"ಏನಿಲ್ಲ, ಮಲ್ಕೊ. ಎಚ್ಚರ ಇದ್ರೆ ಒಳಕ್ಕೆ ಎಳ್ಕೊಳ್ತೀಯ. ನಿದ್ದೇಲಿ ಹೊಟ್ಟೆ ಸುಳ್ಳು ಹೇಳಲ್ಲ."

"ನಾನೇನು ನಿಮ್ಮ ಜಿಮ್ಮಿಗೆ ಬರೋಳಾ?"

"ಅವರಾದ್ರೂ ಇಳೀತಾರೆ. ಕೋಚ್ ಹೆಂಡ್ತಿ ಮಾತ್ರ ಮೂವತ್ತು ಮಿಲಿಮೀಟರಲ್ಲೇ ಕೂತಿದಾಳೆ. ನಿನ್ನ ಒಳ್ಳೇದಕ್ಕೇ ಕಣೆ."

ಬೆಳಗಾದರೆ ಇದೇ ಬಾಯಿ ಶಿಷ್ಯರಿಗೆ, "ಮೊದಲು ನಿಮ್ಮ ಮೈಯನ್ನ ಪ್ರೀತಿಸಿ, ಆಗ್ಲೇ ಬದಲಾವಣೆ ಉಳಿಯೋದು" ಎಂದು ಬೋಧಿಸುತ್ತಿತ್ತು.

ಅವನು ಗೊರಕೆ ಹೊಡೆಯತೊಡಗಿದ ಮೇಲೆ ಅವಳು ಎದ್ದು ಹೊಟ್ಟೆಯನ್ನು ಸೋಪು ಹಚ್ಚಿ ತೊಳೆದುಕೊಂಡಳು. ಅಸಹ್ಯ ಹೋಗಲಿಲ್ಲ. ಸತ್ತ ಹಲ್ಲಿಯನ್ನು ಎತ್ತುವಂತೆ ಇಕ್ಕಳವನ್ನು ಎರಡೇ ಬೆರಳಲ್ಲಿ ಎತ್ತಿಕೊಂಡು, ಹೊರಗಿನ ಕಸದ ಡಬ್ಬಿಗೆ ಎಸೆದು ಬರಲು ಹೊರಟಳು.

ದಾರಿಯಲ್ಲಿ ಮಗಳ ಕೋಣೆ. ಹತ್ತು ವರ್ಷದ ಹುಡುಗಿಯ ದುಂಡನೆಯ ತೋಳು ಮಂಚದಾಚೆ ಜೋತುಬಿದ್ದಿತ್ತು. ಈಚೆಗೆ ಯೂನಿಫಾರ್ಮಿನ ತೋಳು ಬಿಗಿಯಾಗುತ್ತಿದ್ದುದನ್ನು ಅವಳು ಗಮನಿಸಿದ್ದಳು. ಅಲ್ಲೇ ನಿಂತಳು.

ಟಕ್.

"ಅಮ್ಮಾ, ಏನದು?"

"ಏನಿಲ್ಲ ಪುಟ್ಟಿ, ಮಲ್ಕೊ."

ಮುಳ್ಳು ಹದಿನೆಂಟರ ಮೇಲೆ ನಿಂತಿತ್ತು. ಇದನ್ನು ಯಾರಿಗೂ ಹೇಳಬಾರದು ಎಂದುಕೊಂಡು, ಅವಳು ಇಕ್ಕಳವನ್ನು ಒರೆಸಿ ಗಂಡನ ಬ್ಯಾಗಿನಲ್ಲಿ ಮೊದಲಿದ್ದಂತೆಯೇ ಇಟ್ಟಳು.