ಹಿಂದಿನ ರೂಮಿನ ಬೆಡ್‌ಶೀಟು

"ಈ ಸಿಂಗಲ್ ಬೆಡ್‌ಶೀಟು ಯಾರಿಗೆ?" ಬ್ಯಾಲರಾಟ್ ಊರಿನ ಅಂಗಡಿಯಲ್ಲಿ ಟ್ಯಾಮ್ಸಿನ್ ಕೇಳಿದಳು. ಮದುವೆಗೆ ಬರುವವರು ಏನೇನು ಉಡುಗೊರೆ ಕೊಡಬೇಕೆಂದು ಮೊದಲೇ ಆರಿಸಿಡಲು ಅಂಗಡಿಯವರು ಕೊಟ್ಟ ಸ್ಕ್ಯಾನರ್, ಬಂದಾಗಿನಿಂದ ಭಾವೀ ಅತ್ತೆ ಗ್ಲೆನಿಸ್ ಕೈಯಲ್ಲೇ ಇತ್ತು; ಈಗಷ್ಟೇ ಅದನ್ನು ಬೀಪ್ ಅನ್ನಿಸಿ ಆ ಬೆಡ್‌ಶೀಟನ್ನು ಪಟ್ಟಿಗೆ ಸೇರಿಸಿದ್ದಳು.

"ನನಗೇ ಕಣಮ್ಮಾ, ನಿಮ್ಮ ಮನೆ ಹಿಂದಿನ ರೂಮಿಗೆ. ಯಾಕೆ, ಲಾಕಿ ಹೇಳಿಲ್ವಾ? ನನ್ನ ಮನೆ ಮಾರಾಯ್ತಲ್ಲ!"

ಟ್ಯಾಮ್ಸಿನ್ ತನ್ನ ಭಾವೀ ಗಂಡ ಲಾಕ್ಲನ್ ಕಡೆ ತಿರುಗಿದಳು. ಅವನು ಯಾವುದೋ ಟೋಸ್ಟರ್‌ನ ಗುಂಡಿ ಒತ್ತುತ್ತಾ ನಿಂತಿದ್ದ. "ಹೇಳೋಣ ಅಂತಾನೇ ಇದ್ದೆ ಟ್ಯಾಮ್. ಮದುವೆ ಒಂದು ಮುಗೀಲಿ ಅಂತ..."

"ಆ ಮನೇಲಿ ನಾನೂ ಇರ್ತೀನಿ ಕಣೋ! ನನ್ನನ್ನ ಒಂದ್ಮಾತು ಕೇಳೋದು ಬೇಡ್ವಾ?"

"ಮೆತ್ತಗೆ ಮಾತಾಡು, ಜನ ನೋಡ್ತಿದಾರೆ."

"ನೋಡ್ಲಿ!"

"ಇಷ್ಟಕ್ಕೆಲ್ಲ ಯಾಕಮ್ಮಾ ಸಿಡುಕ್ತೀಯಾ?" ಗ್ಲೆನಿಸ್ ನಕ್ಕಳು. "ಲಾಕಿ ಎಂದೋ ಹ್ಞೂಂ ಅಂದಾಯ್ತು."

ಟ್ಯಾಮ್ಸಿನ್‌ಗೆ ಮೈಯೆಲ್ಲ ಉರಿದುಹೋಯಿತು. ಸ್ಕ್ಯಾನರ್ ಕಿತ್ತುಕೊಂಡು, ತಾನೇ ಆಸೆಪಟ್ಟು ಆರಿಸಿದ್ದ ಡಬಲ್ ಬೆಡ್‌ಶೀಟನ್ನು ಪಟ್ಟಿಯಿಂದ ಅಳಿಸಿಹಾಕಿದಳು. ಸಿಂಗಲ್ ಬೆಡ್‌ಶೀಟಿನ ಮೇಲೆ ಇನ್ನೊಮ್ಮೆ ಬೀಪ್ ಅನ್ನಿಸಿ, ಸ್ಕ್ಯಾನರನ್ನು ಗ್ಲೆನಿಸ್ ಕೈಗೇ ವಾಪಸ್ ತುರುಕಿದಳು.

"ಎರಡು ಹಾಕಿದೀನಿ. ನಿಮಗೊಂದು, ನಿಮ್ಮ ಮಗನಿಗೊಂದು."