ಏಳನೆಯ ದಿನದ ಹೆಗಲ ಆಟ

“ಕುರೆಕುಪ್ಪದ ಹಿರಿಯರೇ, ಅಕ್ಕತಂಗೇರೇ, ಲಾರಿ ಅಣ್ಣಾರೇ, ಈಗ ಹೆಗಲ ಆಟ ನೋಡ್ರಿ!” ಎಂದು ಭರಮಮ್ಮ ಮೈಕಿನಲ್ಲಿ ಸಾರಿದಾಗ, ಸೈಕಲ್ ಮೇಲಿದ್ದ ಅವಳ ಗಂಡ ಗುಡ್ಡಪ್ಪನಿಗೆ ಇಳಿದು ಹೋಗಿ ಆ ಮೈಕನ್ನೇ ಕಿತ್ತೆಸೆಯಬೇಕೆನಿಸಿತು. ಆದರೆ ಇಳಿಯುವಂತಿರಲಿಲ್ಲ. ನೆಲಕ್ಕೆ ಕಾಲು ತಾಗಿಸದೆ ಏಳು ದಿನ ಸೈಕಲ್ ತುಳಿಯುವುದು ಅವನ ಕಸುಬು. ಊಟ, ಸ್ನಾನ, ಗಡ್ಡ ಹೆರೆಯುವುದು ಎಲ್ಲ ಸೈಕಲ್ ಮೇಲೆಯೇ. ಇವತ್ತು ಏಳನೆಯ ದಿನ. ಹೊತ್ತು ಮುಳುಗುವ ಮುಂಚೆ ಕಾಲು ಊರಿದರೆ ಇಷ್ಟು ದಿನ ಸುರಿಸಿದ ಬೆವರೆಲ್ಲ ದಂಡ.

ಹಾಗಾಗಿ ಜಗಳವನ್ನೂ ಸುತ್ತು ಹಾಕುತ್ತಲೇ ಆಡಬೇಕಾಯಿತು. ಮೈದಾನ ಸುತ್ತಿ ಮೈಕಿನ ಮೇಜಿನ ಬಳಿ ಬಂದಾಗ ಒಂದು ಮಾತು, ಉಳಿದದ್ದು ಮುಂದಿನ ಸುತ್ತಿಗೆ.

“ಲೇ ಭರಮೀ, ಡಾಕ್ಟರು ಬ್ಯಾಡ ಅಂದಾರ ಅಂತ ಹೇಳು ಅಂದಿದ್ನಲ್ಲ!” ಎಂದು ಹಲ್ಲು ಕಚ್ಚಿ ಹೇಳಿ ಮುಂದೆ ಹೋದ.

ಅವನು ಮತ್ತೆ ಬರುವಷ್ಟರಲ್ಲಿ ಉತ್ತರ ಸಿದ್ಧವಾಗಿತ್ತು. “ಡಾಕ್ಟರು ಹಂಗ ಅಂದೇ ಇಲ್ಲಲ್ಲ ಮಾವ.” ಭರಮಮ್ಮ ತಾಯಿಯ ತಮ್ಮನನ್ನೇ ಮದುವೆಯಾದವಳು. ಸಿಟ್ಟು ಬಂದಾಗಲೂ ಅವಳ ಬಾಯಲ್ಲಿ ಅವನು ಮಾವನೇ.

ಡಾಕ್ಟರು ಅಂದಿರಲಿಲ್ಲ, ನಿಜ. ನಾಲ್ಕು ತಿಂಗಳ ಹಿಂದೆ ಕಂಪ್ಲಿಯಲ್ಲಿ ಭರಮಮ್ಮ ಅವನ ಹೆಗಲ ಮೇಲೆ ನಿಂತು ಸುತ್ತು ಹಾಕುವಾಗ, ಪಕ್ಕದ ರಸ್ತೆಯಲ್ಲಿ ಅದಿರಿನ ಲಾರಿಯ ಟೈರು ಢಮಾರ್ ಎಂದಿತು. ಅವಳ ಕಾಲು ಜಾರಿತು, ಇಬ್ಬರೂ ಬಿದ್ದರು. ಗುಡ್ಡಪ್ಪನ ಬಲ ಹೆಗಲ ಕಾಲರ್ ಬೋನ್ ಎರಡು ತುಂಡಾಯಿತು. ಹೊಸಪೇಟೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು, ತಲೆ ಬಾಚಿಕೊಳ್ಳಲೂ ಹೆಂಡತಿಯನ್ನೇ ಕರೆಯುತ್ತ ದಿನ ದೂಡಿದ. ಹೋದ ತಿಂಗಳು ಎಕ್ಸ್-ರೇ ನೋಡಿದ ಡಾಕ್ಟರು, ಎಲುಬು ಕೂಡಿದೆ, ಇನ್ನು ಏನು ಬೇಕಾದರೂ ಹೊರು ಎಂದರು. ಅವನು ಸೈಕಲ್ ಹತ್ತಿದ. ಈ ಊರಿಗೆ ಬಂದ ಮೇಲೆ ತುಂಬಿದ ಬಿಂದಿಗೆಯನ್ನು ಹಲ್ಲಿನಲ್ಲಿ ಎತ್ತಿದ, ಹ್ಯಾಂಡಲ್ ಮೇಲೆ ಕುಳಿತು ಹಿಂದುಮುಂದಾಗಿ ತುಳಿದ. ಹೆಗಲ ಆಟ ಒಂದನ್ನು ಬಿಟ್ಟು ಎಲ್ಲವನ್ನೂ ಮಾಡಿದ. ಇವತ್ತೂ ತಪ್ಪಿಸಿಕೊಂಡರೆ ಇವನು ಜನ್ಮದಲ್ಲಿ ಆ ಆಟಕ್ಕೆ ಕೈ ಹಾಕುವುದಿಲ್ಲ ಎಂದು ಭರಮಮ್ಮನಿಗೆ ಖಾತ್ರಿಯಿತ್ತು. ಅದು ಹೋದರೆ ಉಳಿಯುವುದು ಬರೀ ಗಾಣದ ಎತ್ತಿನ ಸುತ್ತು.

ಅವಳು ಟ್ರಂಕಿನಿಂದ ಎಕ್ಸ್-ರೇ ಹಾಳೆ ತೆಗೆದು ಜನರ ಕೈಗೇ ಕೊಟ್ಟುಬಿಟ್ಟಳು. ಉಕ್ಕಿನ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದ ಎರ್ರಿಯಪ್ಪ ಅದನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಪರೀಕ್ಷಿಸಿದ.

“ಜಾಯಿಂಟ್ ಮಸ್ತ್ ಕುಂತೈತಿ ಬಿಡ್ರಪ್ಪ! ನಮ್ಮ ಇಂಜಿನಿಯರ್ ಬಂದು ನೋಡಿದ್ರೂ ಪಾಸ್ ಮಾಡ್ತಾನ!”

ಮೈದಾನಕ್ಕೆ ಮೈದಾನವೇ ನಕ್ಕಿತು. ಡ್ರೈವರುಗಳು ಸಿಳ್ಳೆ ಹೊಡೆದರು. ಗುಡ್ಡಪ್ಪ ಮಾತ್ರ ನಗಲಿಲ್ಲ. ಮೇಜಿನ ಬಳಿ ಬಂದಾಗ ಹೆಂಡತಿಗಷ್ಟೇ ಕೇಳಲೆಂದು ಬಗ್ಗಿ, “ಎಲುಬಿಗೇನಾಗೈತಿ? ಅಂಜಿಕಿ ನನಗೈತಿ” ಎಂದ.

ಈ ಸಲ ಮೈಕು ಬಂದ್ ಆಗಿರಲಿಲ್ಲ. ನಾಲ್ಕು ದಿಕ್ಕಿನ ನಾಲ್ಕು ಸ್ಪೀಕರುಗಳು ಅವನ ಅಂಜಿಕೆಯನ್ನು ಕುರೆಕುಪ್ಪಕ್ಕೆಲ್ಲ ಕೂಗಿ ಹೇಳಿದವು. ನಗು ತಟ್ಟನೆ ನಿಂತಿತು. ಗುಡ್ಡಪ್ಪನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆ ಒಂದು ಸುತ್ತು ಅವನಿಗೆ ಸಂಡೂರಿನ ಘಾಟಿ ಹತ್ತಿದಷ್ಟು ಉದ್ದವಾಯಿತು. ಇನ್ನು ಮುಚ್ಚಿಡುವುದೇನಿದೆ ಎಂದು, ಮತ್ತೆ ಬಂದಾಗ ಗಟ್ಟಿಯಾಗಿಯೇ ಹೇಳಿದ:

“ಅವತ್ತು ನಾ ಅಡ್ಡ ಬಿದ್ದೆ ಅಂತ ನಿನ್ನ ತಲಿ ಉಳೀತು. ಪ್ರತಿ ಸಲಾನೂ ಅಡ್ಡ ಬೀಳಾಕ ಆಗ್ತೈತೇನು?”

ಜನರಿಗೆ ಆಗ ಗೊತ್ತಾಯಿತು, ಆ ಎಲುಬು ಯಾಕೆ ಮುರಿಯಿತೆಂದು. ಬೀಳುವಾಗ ಅವನು ತನ್ನ ಮೈಯನ್ನು ಅವಳ ಕೆಳಗೆ ಒಡ್ಡಿದ್ದ. ಅವಳಿಗೆ ಒಂದು ತರಚು ಗಾಯವೂ ಆಗಿರಲಿಲ್ಲ.

ಭರಮಮ್ಮ ಮುಂದಿನ ಸುತ್ತಿಗೆ ಕಾಯಲಿಲ್ಲ. ಮೈಕು ಕೆಳಗಿಟ್ಟು, ಸೀರೆಯನ್ನು ಕಚ್ಚೆ ಹಾಕಿ ಬಿಗಿದುಕೊಂಡು ಸೈಕಲ್ಲಿನ ಪಕ್ಕದಲ್ಲೇ ಓಡತೊಡಗಿದಳು.

“ಬಿದ್ರೂ ನಿನ್ನ ಮ್ಯಾಲೇ ಬೀಳ್ತೀನಲ್ಲ ಮಾವ, ನನಗ್ಯಾತರ ಅಂಜಿಕಿ?” ಎಂದವಳೇ ಹಿಂದಿನ ಕ್ಯಾರಿಯರ್ ಮೇಲೆ ನೆಗೆದಳು.

ಹ್ಯಾಂಡಲ್ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಅವನ ತಲೆ ಹಿಡಿದು ಎದ್ದು ನಿಂತು, ಮೊದಲ ಹೆಜ್ಜೆಯನ್ನು ಅವಳು ಬೇಕೆಂದೇ ಬಲ ಹೆಗಲ ಮೇಲೆ ಇಟ್ಟಳು. ಗುಡ್ಡಪ್ಪ ಉಸಿರು ಬಿಗಿಹಿಡಿದ. ಎಲುಬು ಚಕಾರ ಎತ್ತಲಿಲ್ಲ. ಇನ್ನೊಂದು ಪಾದವೂ ಮೇಲೆ ಬಂತು. ಅವಳು ಮೆಲ್ಲಗೆ ನೆಟ್ಟಗಾಗಿ ಎರಡೂ ಕೈ ಚಾಚಿದಳು. ಒಂದು ಸುತ್ತಾಯಿತು, ಎರಡಾಯಿತು. ಹ್ಯಾಂಡಲ್ ಈಗ ಕದಲುತ್ತಿರಲಿಲ್ಲ. ಲಾರಿಗಳ ಟಾಪಿನ ಮೇಲೆ ಹತ್ತಿ ಕೂತವರೂ ಚಪ್ಪಾಳೆ ತಟ್ಟುತ್ತಿದ್ದರು.

ಮೂರು ಸುತ್ತಿಗೆ ಇಳಿಯುವುದು ರೂಢಿ. ನಾಲ್ಕು ತಿಂಗಳ ನಂತರ ಹೆಗಲೇರಿದ್ದ ಭರಮಮ್ಮ ಬಗ್ಗಿ ಅವನ ತಲೆ ಹಿಡಿದುಕೊಂಡಳು. “ಮೂರಾದ್ವು, ಇಳಸು ಮಾವ” ಎಂದಳು ಮೇಲಿನಿಂದ.

“ಯಾಕ, ಅಂಜಿಕಿ ಬಂತೇನು?” ಎಂದ ಗುಡ್ಡಪ್ಪ ನಾಲ್ಕನೆಯ ಸುತ್ತಿಗೆ ಹ್ಯಾಂಡಲ್ ತಿರುಗಿಸಿದ.