ಗುದ್ದಲಿಪೂಜೆಯ ಮಣೆ

ಮಂಚಿಕೇರಿಯ ದೊಡ್ಡಪ್ಪನನ್ನು ಕೊಂದುಬಿಡುವುದೆಂದು ಶಾಂತಾರಾಮ ಹೆಗಡೆ ಸ್ನಾನ ಮಾಡುವಾಗಲೇ ನಿಶ್ಚಯಿಸಿದ. ಕೈಯಿಂದಲ್ಲ, ಬರೀ ಬಾಯಿಂದ. ಹೇಗೂ ತೊಂಬತ್ತು ದಾಟಿದ ಮುದುಕ, ಮನೆಯ ಹೊಸ್ತಿಲು ದಾಟಿ ವರ್ಷವಾಗಿದೆ. ಸಾಯುವುದಕ್ಕೆ ನಾಲ್ಕು ದಿನ ಮೊದಲೇ ಸತ್ತನೆಂದು ಹೇಳಿದರೆ ಯಾರ ಗಂಟು ಹೋಗುತ್ತದೆ? ಆ ಮೂಲೆಗೆ ಫೋನೂ ಸರಿಯಾಗಿ ಸಿಗುವುದಿಲ್ಲ. ಸಂಜೆಗೆ ಸುದ್ದಿ ತಪ್ಪಾಗಿತ್ತು ಎಂದರಾಯಿತು.

ದೊಡ್ಡಪ್ಪ ಸತ್ತರೆ ದಾಯಾದಿಗಳಿಗೆಲ್ಲ ಸೂತಕ. ಸೂತಕದವನು ಪೂಜೆಗೆ ಕೂರುವಂತಿಲ್ಲ. ರವೀಂದ್ರ ಕೂರಬಾರದು, ಅಷ್ಟೇ ಬೇಕಾದದ್ದು.

ರವೀಂದ್ರ ಅವನ ಚಿಕ್ಕಪ್ಪನ ಮಗ. ಶಿರಸಿ ಪೇಟೆಯಲ್ಲಿ ಸ್ಕೂಟರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಬಂದ ಕೆಲಸವೇ ಮರೆತುಹೋಗುತ್ತದೆ. ಅಂಥ ಪೇಟೆಯ ನಟ್ಟನಡುವೆ, ಅಂಗಡಿ, ಗ್ಯಾರೇಜು, ಬಾಡಿಗೆ ಮನೆಗಳು ನುಂಗಿ ಮಿಕ್ಕ ಹಳೆಯ ಮೈದಾನದಲ್ಲಿ ಹತ್ತು ಸಾವಿರ ಜನ ಕೂರುವ ಫುಟ್‌ಬಾಲ್ ಕ್ರೀಡಾಂಗಣ ಏಳಲಿತ್ತು. ಆ ಮೈದಾನ ಉಳಿದದ್ದೇ ಶಾಂತಾರಾಮನಿಂದ. ಊರಿನ ಮಕ್ಕಳಿಗೆ ಚೆಂಡು ಒದೆಯಲು ಕಲಿಸಿದವನು ಅವನು. ಮಳಿಗೆ ಕಟ್ಟಲು ಬಂದವರ ಜೆಸಿಬಿಗೆ ಅಡ್ಡ ಮಲಗಿದವನೂ ಅವನೇ. ಚೆಂಡು ಗುಂಡಗಿದೆಯೋ ಚೌಕವೋ ತಿಳಿಯದ ರವೀಂದ್ರ ಬೆಂಗಳೂರಿಗೆ ಓಡಾಡಿ ಮಂಜೂರಿ ತಂದ, ಸಮಿತಿಯ ಅಧ್ಯಕ್ಷನಾದ. ಇವತ್ತು ಗುದ್ದಲಿಪೂಜೆ. ಯಜಮಾನನ ಮಣೆಯ ಮೇಲೆ ಅಧ್ಯಕ್ಷನಲ್ಲದೆ ಮತ್ಯಾರು ಕೂರುತ್ತಾರೆ?

ಹೊಟ್ಟೆಕಿಚ್ಚು ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ವಾರದಿಂದ ಹೆಂಡತಿ ಸುಬ್ಬಲಕ್ಷ್ಮಿ ಫೋನು ಬಂದರೆ ಹಿತ್ತಿಲಿಗೆ ಓಡುತ್ತಿದ್ದಳು. ನಿನ್ನೆ ಅವನು ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದ.

"ಅವಕ್ಕೆ ಒಂಚೂರೂ ಗೊತ್ತಾಗ್ಲಾಗ ರವಿ. ಮನೆ ಬದಿದು ಆನು ನೋಡ್ಕತ್ತೆ."

ಗಂಡನಿಗೆ ಗೊತ್ತಾಗಬಾರದಂಥದ್ದು ಏನು? ಬೆಳಿಗ್ಗೆ ನೋಡಿದರೆ ಅವಳ ಮೈಮೇಲೆ ಹೊಸ ರೇಷ್ಮೆ ಸೀರೆ.

"ಇದು ಎಲ್ಲಿಂದು?"

"ರವಿ ತಂದ. ಇವತ್ತು ಇದ್ನೇ ಉಡವು ಹೇಳಿದ್ದ." ಹೇಳುವಾಗ ಮದುಮಗಳ ನಾಚಿಕೆ ಬೇರೆ. ಐವತ್ತು ದಾಟಿದ ಮೇಲೆ!

"ದೋಸೆ?"

"ಇವತ್ತು ಮಾಡಿದ್ನಿಲ್ಲೆ. ಊಟ ಅಲ್ಲೇ. ನೀವು ಮಡಿ ಪಂಚೆ ಉಟ್ಕಳಿ, ತಡ ಮಾಡಡಿ."

ಚಹಾ ಕೂಡ ಸಿಗಲಿಲ್ಲ. ಮೈದುನನಿಗೆ ಗುಟ್ಟಿನ ಮಾತು, ಗಂಡನಿಗೆ ಖಾಲಿ ಹೊಟ್ಟೆ. ಶಾಂತಾರಾಮನ ಎದೆ ಧಗಧಗ ಎಂದಿತು. ಸುಳ್ಳು ಹೇಳಿದರೆ ಸೂತಕ ತನಗೂ ಅಂಟುತ್ತದೆ ನಿಜ. ಅಂಟಲಿ! ತನ್ನನ್ನೇನು ಯಾರಾದರೂ ಮಣೆ ಹಾಕಿ ಕರೆದಿದ್ದರೇ? ತನ್ನ ಮೂಗು ಕೊಯ್ದುಕೊಂಡಾದರೂ ದಾಯಾದಿಗೆ ಅಪಶಕುನ ಮಾಡಬೇಕು.

ಮೈದಾನದಲ್ಲಿ ಜೆಸಿಬಿಗೆ ಹೂವಿನ ಹಾರ ಹಾಕಿ ನಿಲ್ಲಿಸಿದ್ದರು. ಸುತ್ತಲ ಮನೆಗಳ ತಾರಸಿಯ ಮೇಲೆಲ್ಲ ಜನ. ಶಾಮಿಯಾನದ ಎದುರು ರವೀಂದ್ರ ದವಡೆಯಲ್ಲಿ ಎಲೆಯಡಿಕೆಯ ಕವಳ ಒತ್ತಿಕೊಂಡು ಓಡಾಡುತ್ತಿದ್ದ. ಪೂಜೆಗೆ ಕೂರುವವನ ಬಾಯಲ್ಲಿ ಕವಳ! ಇವನಿಗೆ ಶಾಸ್ತ್ರವೂ ಇಲ್ಲ, ಸಂಕೋಚವೂ ಇಲ್ಲ.

"ಬಂದ್ಯಾ ಶಾಂತಣ್ಣ! ನಿನ್ನೇ ಕಾಯ್ತಾ ಇದ್ಯ." ರವೀಂದ್ರ ಹಲ್ಲು ಕಿರಿದು ಕೈ ಹಿಡಿದುಕೊಂಡ.

ಶಾಂತಾರಾಮ ಕೈ ಬಿಡಿಸಿಕೊಂಡ. ಹತ್ತು ಜನಕ್ಕೆ ಕೇಳುವಷ್ಟು ಮೆಲ್ಲಗೆ ಹೇಳಿದ.

"ಎಂತ ಹೇಳದು ರವಿ... ಮಂಚಿಕೇರಿ ದೊಡ್ಡಪ್ಪ ತೀರ್ಕಂಡ್ನಡ. ಬೆಳಗಿನ ಜಾವ. ಆ ಬದಿಂದ ಬಂದ ಬಸ್ಸಿನವ ಹೇಳಿದ."

ರವೀಂದ್ರ ಕಿಸೆಯಿಂದ ಫೋನು ತೆಗೆದ. ಯಾರಿಗೋ ಮೇಲಿಂದ ಮೇಲೆ ಫೋನು ಹಚ್ಚಿದ. ಹೋಗಲಿಲ್ಲ. ಮಂಚಿಕೇರಿಯಿಂದ ಬರುವ ಯಲ್ಲಾಪುರ ರಸ್ತೆಯ ಕಡೆ ನೋಡಿದ, ಆಮೇಲೆ ಸುಬ್ಬಲಕ್ಷ್ಮಿಯ ಕಡೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಕಣ್ಣಲ್ಲಿ ನೀರು. ಶಾಂತಾರಾಮ ಎಲ್ಲವನ್ನೂ ಕಂಡ. ಬೇಯಲಿ ಇಬ್ಬರೂ!

"ಶಾಂತಣ್ಣ, ಇವತ್ತು..." ಎಂದ ರವೀಂದ್ರ ಮಾತನ್ನು ನುಂಗಿಕೊಂಡ. "ಹೋಗ್ಲಿ ಬಿಡು. ಈಗ ಹೇಳಿ ನಿನ್ನ ಹೊಟ್ಟೆ ಉರಿಸದು ಎಂತಕೆ?"

ಉರಿಯುವುದು ಯಾರ ಹೊಟ್ಟೆ ಎಂದು ಗೊತ್ತಿಲ್ಲವೇ? ಶಾಂತಾರಾಮ ಮುಖವನ್ನು ಸಾವಿನ ಮನೆಗೆ ತಕ್ಕಂತೆ ಇಟ್ಟುಕೊಂಡ.

ಪುರೋಹಿತರು ಅವಸರಪಡಿಸಿದರು. "ಮುಹೂರ್ತ ಮೀರ್ತದೆ. ಸೂತಕ ಇಲ್ಲದ ಗಂಡ ಹೆಂಡತಿ ಯಾರಾದರೂ ಬಂದು ಕೂತ್ಕೊಳ್ಳಿ."

ಕೆಲಸದ ಉಸ್ತುವಾರಿಯ ಎಂಜಿನಿಯರ್ ನಂದನ ನಾಯ್ಕ, ಅವನ ಹೆಂಡತಿ ಚೇತನಾ ಮಣೆಯ ಮೇಲೆ ಕೂತರು. ಅವರ ಹೆಸರಿನಲ್ಲೇ ಸಂಕಲ್ಪವಾಯಿತು. ಸಂಕಲ್ಪವಾದ ಮೇಲೆ ಬ್ರಹ್ಮ ಬಂದರೂ ಯಜಮಾನ ಬದಲಾಗುವಂತಿಲ್ಲ. ನಂದನ ಗುದ್ದಲಿ ಎತ್ತಿ ಮೊದಲ ಮಣ್ಣು ಅಗೆದ. ತಾರಸಿಗಳ ಮೇಲಿನಿಂದ ಚಪ್ಪಾಳೆ, ಶಿಳ್ಳೆ.

ಶಾಮಿಯಾನದ ಹೊರಗೆ ಬಿಸಿಲಲ್ಲಿ ನಿಂತ ಶಾಂತಾರಾಮನಿಗೆ ಹಸಿವೆಯೇ ಮರೆತುಹೋಯಿತು. ರವೀಂದ್ರ ಕೂರಲಿಲ್ಲ. ಈ ಜನ್ಮದಲ್ಲಿ ಇನ್ನು ಕೂರುವುದೂ ಇಲ್ಲ. ಎಷ್ಟೋ ದಿನದ ಮೇಲೆ ಹೊಟ್ಟೆ ತಣ್ಣಗಾಗಿತ್ತು.

ಆಗ ಯಲ್ಲಾಪುರ ರಸ್ತೆಯ ಕಡೆಯಿಂದ ರವೀಂದ್ರನ ಕಾರು ಹಾರ್ನ್ ಹೊಡೆಯುತ್ತ ಜನರನ್ನು ಸರಿಸಿಕೊಂಡು ಬಂತು. ಡ್ರೈವರ್ ಇಳಿದು ಹಿಂದಿನ ಬಾಗಿಲು ತೆಗೆದ. ಮೊದಲು ಒಂದು ಊರುಗೋಲು ಹೊರಬಂತು. ಅದರ ಹಿಂದೆ, ಇಬ್ಬರ ಹೆಗಲು ಹಿಡಿದುಕೊಂಡು, ಮಂಚಿಕೇರಿಯ ದೊಡ್ಡಪ್ಪ.

"ಪೂಜೆ ಮುಗಿದೋತಾ ರವಿ? ಎಲ್ಲಿದ್ದ ನಮ್ಮ ಶಾಂತ? ಮೈದಾನ ಉಳಿಸಿದವ್ನೇ ಹೆಂಡ್ತಿ ಜೊತಿಗೆ ಮಣೆ ಮೇಲೆ ಕೂರವು ಹೇಳಿ ನೀನೇ ಹಠ ಹಿಡಿದಿದ್ಯಲ, ಅದ್ನ ಕಣ್ಣಲ್ಲಿ ನೋಡಲೆ ಬಂದೆ."